ಕಸ್ತೂರಕ್ಕ ಒದರಲು ಕಲಿಸಿದ್ದು

ಕಸ್ತೂರಕ್ಕನಿಗೆ ಮೀಸೆ ಬಹಳ ಚೆನ್ನಾಗಿ ಒಪ್ಪುತ್ತಿತ್ತು. ಭಾನುವಾರ ಬೆಳಿಗ್ಗೆ ಕಾಡಿಗೆಯಿಂದ ಅದನ್ನು ಬರೆದುಕೊಂಡು, ಸೀರೆಯ ಮೇಲೆ ಗಂಡನ ಚೌಕಳಿ ಅಂಗಿ ತೊಟ್ಟು, ಮಲ್ಲತ್ತಹಳ್ಳಿ ಕೆರೆಯ ಪಕ್ಕದ ನಮ್ಮ ಬಡಾವಣೆ ಸಂಘದ ಹಾಲ್‌ಗೆ ನಡೆದು ಬರುತ್ತಿದ್ದರು. ಹಾಲಿನಂಗಡಿಯವನು ನಗು ತಡೆಯಲಾರದೆ ಬೆನ್ನು ತಿರುಗಿಸುತ್ತಿದ್ದ. ಇವರು ಅವನಿಗೂ ಒಮ್ಮೆ ಮೀಸೆ ತಿರುವಿ ತೋರಿಸಿಯೇ ಮುಂದೆ ಹೋಗುತ್ತಿದ್ದರು.

ಅವರು ಗದಗಿನ ಕಡೆಯವರು. ಹುಡುಗಿಯಾಗಿದ್ದಾಗ ಕಬಡ್ಡಿ ಆಡಿದವರು, ಗಂಡನ ಕಾರ್ಖಾನೆ ಕೆಲಸದಿಂದಾಗಿ ಬೆಂಗಳೂರಿನಲ್ಲಿ ನೆಲೆಸಿದವರು. ಮೈಮೇಲೆ ಕೈ ಹಾಕಲು ಬರುವವರಿಂದ ಪಾರಾಗುವುದು ಹೇಗೆಂದು ತಾವು ಕಲಿತದ್ದನ್ನು ಬಡಾವಣೆಯ ಹೆಂಗಸರಿಗೆಲ್ಲ ಹೇಳಿಕೊಡುತ್ತಿದ್ದರು. ನಾನು ಸೇರಿದಾಗ ಅಮ್ಮನನ್ನೂ ಬಲವಂತವಾಗಿ ಎಳೆದುಕೊಂಡು ಹೋಗಿದ್ದೆ.

ಮೊದಲ ದಿನವೇ ಎಡವಟ್ಟಾಯಿತು. "ಎಲ್ಲಾರೂ ಜೋರಾಗಿ ಒದರ್ರಿ!" ಎಂದರು ಕಸ್ತೂರಕ್ಕ. ನಮ್ಮ ಕಡೆ ಒದರುವುದೆಂದರೆ ಕೊಡವುವುದು. ಅಮ್ಮ ಗಂಭೀರವಾಗಿ ಸೆರಗು ಕೊಡವಿದರು, ಉಳಿದವರು ದುಪಟ್ಟಾ ಕೊಡವಿದರು, ಒಬ್ಬಾಕೆ ಕೂತಿದ್ದ ಚಾಪೆಯನ್ನೇ ಎತ್ತಿ ಕೊಡವಿದಳು. ಕಸ್ತೂರಕ್ಕ ಧೂಳಿಗೆ ಸೀನುತ್ತಾ, "ಯವ್ವಾ! ಒದರೂದಂದ್ರ ಕೂಗೂದ್ರಿ!" ಎಂದು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅರ್ಧ ಮೀಸೆ ಅಂದೇ ಅಳಿಸಿಹೋಯಿತು.

ಮುಂದೆ ಅವರು ಪರಿಚಯದ ಅಂಕಲ್ ಆಗಿ ಒಬ್ಬೊಬ್ಬರ ಮೇಲೂ ಬರುತ್ತಿದ್ದರು. ನಾವು ಹಿಂದೆ ಸರಿದು, ಗಟ್ಟಿಯಾಗಿ "ಬೇಡ" ಅನ್ನಬೇಕು. ಮುಂಗೈ ಹಿಡಿದರೆ ಅವರ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳಬೇಕು. ಅಮ್ಮನ ಸರದಿ ಬಂದಾಗ ಅಮ್ಮ ನಾಚಿ, "ಬೇಡಿ, ತಪ್ಪು ತಿಳ್ಕೋಬೇಡಿ... ಕೂತ್ಕೊಳ್ಳಿ, ಕಾಫಿ ತರ್ತೀನಿ" ಎಂದುಬಿಟ್ಟರು.

"ಕೈ ಹಾಕಾಕ ಬಂದಾವ್ಗ ಕಾಫಿ ಕುಡಸ್ತೀರೇನ್ರಿ ಅಕ್ಕಾರ? ಬಿಸ್ಕೀಟೂ ಕೊಡ್ರಿ ಮತ್ತ!"

ಹಾಲ್ ತುಂಬ ನಗು. ಆದರೆ ನಗು ಮುಗಿದ ಮೇಲೆ ಅವರು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: "ಗುರುತಿನವ ಅಂತ ಸುಮ್ನಿರಬ್ಯಾಡ್ರಿ. ಓಡಿ ಬಂದ್ರೂ ಗೆದ್ದಂಗ. ಕಬಡ್ಡ್ಯಾಗೂ ಹಿಡದವ್ರಿಂದ ತಪ್ಪಿಸ್ಕೊಂಡು ತಿರುಗಿ ನಮ್ಮ ಗೆರಿ ಮುಟ್ಟಿದ್ರ ಪಾಯಿಂಟ್ ನಮ್ದ. ಬಾಯಿ ಕಟ್ಟಿ ಕಲ್ಲಿನಂಗ ನಿಂತ್ರೂ ತಪ್ಪು ನಿಮ್ದಲ್ಲ. ತಪ್ಪು ಅಂವಂದು."

ನನಗೂ ಅಂಥ ಗುರುತಿನವನೊಬ್ಬನಿದ್ದ. ಅಪ್ಪನ ಕಡೆಯ ನೆಂಟ. ಊರಿಗೆಲ್ಲ ದೊಡ್ಡ ಮಾವ. ಹೆಗಲ ಮೇಲಿಟ್ಟ ಕೈಯನ್ನು ಸೊಂಟದವರೆಗೂ ಇಳಿಸುತ್ತಿದ್ದ. ಚಿಕ್ಕವಳಿದ್ದಾಗ ಅಮ್ಮನಿಗೆ ಹೇಳಿದ್ದೆ. "ಹಿರೀರು ಕಣೇ, ನೀನೇ ಆ ಕಡೆ ಹೋಗ್ಬೇಡ" ಎಂದಿದ್ದರು. ಅಂದಿನಿಂದ ತಲೆನೋವಿನ ನೆಪ ಹೇಳಿ ಎಷ್ಟೋ ಮದುವೆ ಮುಂಜಿಗಳನ್ನು ತಪ್ಪಿಸಿದ್ದೆ.

ಹೇರೋಹಳ್ಳಿಯಲ್ಲಿ ಚಿಕ್ಕಮ್ಮನ ಗೃಹಪ್ರವೇಶಕ್ಕೆ ಮಾತ್ರ ಹೋಗಲೇಬೇಕಾಯಿತು. ಊಟದ ಹೊತ್ತಿಗೆ ಅದೇ ಕೈ ಬಂದು ಹೆಗಲ ಮೇಲೆ ಕೂತಿತು. "ಕೈ ತೆಗೀರಿ" ಎಂದೆ. ದನಿ ಸಣ್ಣಗಾಯಿತು. ಕೈ ಅಲ್ಲೇ ಇತ್ತು.

"ಕೈ ತೆಗೀರಿ!"

ಪಂಕ್ತಿಯಿಂದ ಎದ್ದು ನಿಂತಿದ್ದರು ಅಮ್ಮ, ಕೈಯಲ್ಲಿ ಅರ್ಧ ಹೋಳಿಗೆ. ಪಾಯಸ ಬಡಿಸುತ್ತಿದ್ದವನು ಸೌಟನ್ನೇ ಎಲೆಗೆ ಬಡಿಸಿದ. ಒಳಗೆ ಪುರೋಹಿತರ ಮಂತ್ರ ನಿಂತಿತು.

"ಏನಮ್ಮ, ಮಗು ಥರ ಅಲ್ವಾ ನಮ್ಗೆ?" ಎಂದ ಮಾವ.

"ಮಗು ಆಗಿದ್ದಾಗ್ಲೂ ಬೇಡ ಅಂದಿದ್ಲು. ನಾನೇ ಕೇಳಿಸ್ಕೊಳ್ಳಲಿಲ್ಲ. ಈಗ ತೆಗೀರಿ."

ಕೈ ಹೋಯಿತು. ಚಿಕ್ಕಮ್ಮನ ಇಬ್ಬರು ಹೆಣ್ಣುಮಕ್ಕಳು ಬಂದು ನನ್ನ ಆಚೀಚೆ ನಿಂತರು. ಅವರಿಗೂ ಆ ಕೈ ಗೊತ್ತಿತ್ತೆಂದು ಆಗ ತಿಳಿಯಿತು. ಮಾವ ಊಟ ಮಾಡದೆ ಕಾರು ಹತ್ತಿದ.

ಆಟೋದಲ್ಲಿ ಅಮ್ಮ, "ನೋಡೇ, ಹೋಳಿಗೆ ಇನ್ನೂ ಕೈಯಲ್ಲೇ ಇದೆ" ಎನ್ನುತ್ತ ನಗಲು ಶುರುಮಾಡಿದರು. ನನಗೂ ಅಂಟಿತು. "ಏನಾಯ್ತಮ್ಮ?" ಎಂದು ಕೇಳಿದ ಡ್ರೈವರಿಗೆ ಉತ್ತರ ಹೇಳಲೂ ಆಗದಷ್ಟು ನಕ್ಕೆವು. ನೇರ ಕಸ್ತೂರಕ್ಕನ ಮನೆಗೇ ಹೋದೆವು. ಅವರು ಅಮ್ಮನಿಂದ ಇಡೀ ಪ್ರಸಂಗವನ್ನು ಮತ್ತೆ ಮತ್ತೆ ಆಡಿಸಿ, ಸೌಟಿನ ಜಾಗ ಬಂದಾಗಲೆಲ್ಲ ಗೋಡೆ ಹಿಡಿದುಕೊಂಡು ನಕ್ಕರು.

ಕಳೆದ ವರ್ಷ ಅವರ ಗಂಡ ನಿವೃತ್ತರಾದರು. ಗದಗಿನ ಗಾಡಿ ಹತ್ತಿಸಲು ಕೆಂಗೇರಿ ಸ್ಟೇಷನ್ನಿಗೆ ಭಾನುವಾರದ ಗುಂಪೆಲ್ಲ ಹೋಗಿತ್ತು. ಎಲ್ಲರೂ ಮುಗಿಬಿದ್ದು ಬೀಳ್ಕೊಟ್ಟರು. ಅಮ್ಮ ಕೋಡುಬಳೆಯ ಚೀಲ ಹಿಡಿದು ಹಿಂದೆಯೇ ಉಳಿದಿದ್ದರು. ಕಸ್ತೂರಕ್ಕ ಬೋಗಿಯ ಮೆಟ್ಟಿಲಿಳಿದು ಅವರ ಮುಂದೆ ಬಂದು ನಿಂತರು.

"ಅಕ್ಕಾರ, ನಿಮ್ಮನ್ನ ಒಮ್ಮಿ ಅಪ್ಕೊಳ್ಳಲೇನ್ರಿ?"

ತಮಾಷೆಯೆಂದು ಅಮ್ಮ ನಕ್ಕರು. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದರು. "ನನ್ನನ್ನ ಯಾರೂ ಹೀಗೆ ಕೇಳೇ ಇರಲಿಲ್ಲ ಕಣ್ರೀ."

ಗಾರ್ಡ್ ಸೀಟಿ ಊದಿದ. "ಏ, ಲಗೂನ ಹತ್ತು! ಗಾಡಿ ಬಿಡ್ತಾರ!" ಎಂದು ಒಳಗಿನಿಂದ ಗಂಡ ಕೂಗಿದರು. ಕಸ್ತೂರಕ್ಕ ಕದಲಲಿಲ್ಲ. ಉತ್ತರಕ್ಕಾಗಿ ಕಾಯುತ್ತ ಹಾಗೇ ನಿಂತಿದ್ದರು.

ಅಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು, "ಬನ್ನಿ" ಎಂದರು.