ದ್ರಾಕ್ಷಿ ತಿಂದವಳು ನಾನು

ಭಾಲ್ಕಿಯಲ್ಲಿ ನಾವಿದ್ದ ಗಲ್ಲಿಗೆ ಆ ಕಾಲದಲ್ಲಿ ಕ್ರಿಸ್ಮಸ್ ಎಂದರೆ ಒಂದು ದಿನದ ಹಬ್ಬವಾಗಿರಲಿಲ್ಲ. ಚಳಿ ಹಿಡಿಯುವ ಹೊತ್ತಿಗೆ ಚರ್ಚಿನ ಮೇಜಿನ ಮೇಲೆ ನೇರಳೆ ಬಟ್ಟೆ ಹಾಸುತ್ತಿದ್ದರು. ಅಂದಿನಿಂದ ಆಗಮನ ಕಾಲ, ಯೇಸುವಿನ ಬರವಿಗೆ ಸಿದ್ಧವಾಗುವ ನಾಲ್ಕು ಭಾನುವಾರ. ಗೋಡೆಗಳಿಗೆ ಸುಣ್ಣ ಏರುತ್ತಿತ್ತು, ಕೌದಿಗಳು ಹಳ್ಳಕ್ಕೆ ಹೋಗಿ ತುಳಿಸಿಕೊಂಡು ಬಂದು ಬೇಲಿಯ ಮೇಲೆ ಒಣಗುತ್ತಿದ್ದವು. ಹಸಿ ಸುಣ್ಣದ ವಾಸನೆ, ಉಪ್ಪು ಹಾಕಿ ಕುದಿಸಿದ ತೊಗರಿಕಾಯಿಯ ವಾಸನೆ ಎರಡೂ ಕೂಡಿ ಮನೆಮನೆಯಿಂದ ಬರುತ್ತಿದ್ದವು. ನಾವು ಹುಡುಗಿಯರು ಬಿಸಿಲಿದ್ದ ಕಟ್ಟೆ ಹುಡುಕಿ ಐದು ಕಲ್ಲಿನ ಆಟ ಆಡುತ್ತಿದ್ದೆವು.

ಮೊದಲ ಭಾನುವಾರ ಪಾದ್ರಿ ಅಯ್ಯನವರು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದರು. "ಗ್ವಾಡಿಗಿ ಸುಣ್ಣ ಹಚ್ಚೋದು ಸುಲಭ ಅದರಿ. ಬರಾವ ಗ್ವಾಡಿ ನೋಡ್ಲಕ ಬರಲ್ಲ, ನಿಮ್ಮ ಒಳಗ ಕುಂದ್ರಲಕ ಬರ್ತಾನ. ಅಲ್ಲಿ ಕಸ ಹೊಡೀರಿ."

ಆ ಕಸ ಹೊಡೆಯುವುದಕ್ಕೆ ನಮ್ಮ ಗಲ್ಲಿಯಲ್ಲಿ ಒಂದು ಪದ್ಧತಿಯಿತ್ತು. ನೆರೆಹೊರೆಯವರು ದಸರೆಗೆ ಬನ್ನಿ ಕೊಡುವಂತೆ, ನಾವು ಕೊನೆಯ ವಾರದಲ್ಲಿ ಬೆಲ್ಲ ಕೊಡುತ್ತಿದ್ದೆವು. ಯಾರಿಗೆ ತಪ್ಪು ಮಾಡಿದ್ದೇವೋ ಅವರ ಮನೆಗೆ ಹೋಗಿ ಬೆಲ್ಲದ ಚೂರು ಕೈಗಿಟ್ಟು, ಮಾಡಿದ ತಪ್ಪು ಇಂಥದ್ದು ಎಂದು ಬಾಯಿಬಿಟ್ಟು ಹೇಳಬೇಕು. ಅವರು ಅದನ್ನು ಮುರಿದು ಅರ್ಧ ತಾವು ತಿಂದು ಅರ್ಧ ನಮಗೆ ಕೊಟ್ಟರೆ ಮುಗಿಯಿತು. ಹೇಳದೆ ಉಳಿದ ತಪ್ಪು ಇದ್ದವರು ಕ್ರಿಸ್ಮಸ್ ದಿನ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ಕೊಡುವ ರೊಟ್ಟಿ, ರಸಕ್ಕೆ, ಮುಂದೆ ಹೋಗಬಾರದು.

ನನಗೆ ಆಗ ಹತ್ತು ವರ್ಷ. ಅಪ್ಪ ತೀರಿಕೊಂಡಿದ್ದ. ಅವ್ವ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ನನ್ನನ್ನೂ ಮಾರ್ಥಕ್ಕನನ್ನೂ ಸಾಕುತ್ತಿದ್ದಳು. ಅಕ್ಕನಿಗೆ ಹದಿಮೂರು. ಆ ಕ್ರಿಸ್ಮಸ್‌ಗೆ ಅವಳಿಗೆ ದೃಢೀಕರಣ. ಅಂದರೆ ಮೊದಲ ಸಲ ದೊಡ್ಡವರ ಜೊತೆ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ದಿನಾ ಸಂಜೆ ಅಯ್ಯನವರ ಹತ್ತಿರ ಹೋಗಿ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ ಕಲಿತು ಬಂದು, ಹಿಟ್ಟು ನಾದುವಾಗಲೂ ಅದನ್ನೇ ಗುನುಗುತ್ತಿದ್ದಳು. ನನಗೆ ಅಕ್ಷರ ಹತ್ತುತ್ತಿರಲಿಲ್ಲ. ಮುಂದೆ ಆರನೆಯ ತರಗತಿಗೇ ಸಾಲಿ ಬಿಟ್ಟವಳು ನಾನು. ಗಲ್ಲಿಯವರೆಲ್ಲ ಅಕ್ಕನನ್ನು ಹೊಗಳಿ ನನ್ನ ಕಡೆ ತಿರುಗಿ, "ಇಕಿ ಯಾರಿಗಿ ಹೋಲ್ಯಾಳೋ ಏನೋ" ಎನ್ನುವುದು ಅಭ್ಯಾಸವಾಗಿತ್ತು.

ಕರ್ತನ ಭೋಜನದ ರಸವನ್ನು ನಮ್ಮ ಚರ್ಚಿಗೆ ಅವ್ವನೇ ಮಾಡುತ್ತಿದ್ದಳು. ಸಭೆಯವರು ತಂದುಕೊಟ್ಟ ಕಪ್ಪು ಒಣದ್ರಾಕ್ಷಿಯನ್ನು ಆರಿಸಿ, ತೊಳೆದು, ನೆರಳಿಗೆ ಒಣಗಿಸಿ ಹಿತ್ತಾಳೆ ಡಬ್ಬಿಯಲ್ಲಿ ಹಾಕಿ ಟ್ರಂಕಿನಲ್ಲಿ ಇಡುವುದು. ಹಬ್ಬಕ್ಕೆ ಮೂರು ದಿನ ಇರುವಾಗ ನೀರಲ್ಲಿ ನೆನೆಸಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸುವುದು. ಆ ವರ್ಷ ಆರಿಸುವ ಕೆಲಸ ಅಕ್ಕನಿಗೆ ಬಂತು. ನಾನೂ ಮೊರದ ಮುಂದೆ ಕುಳಿತೆ. ಅವ್ವ ನನ್ನ ಕೈ ಸರಿಸಿ ಹೇಳಿದಳು, "ನೀ ಬ್ಯಾಡ. ನಿನ್ನ ಕೈ ನೇರ ಬಾಯಿಗೇ ಹೋಗ್ತದ." ಡ್ಯೂಟಿಗೆ ಹೋಗುವಾಗ ಟ್ರಂಕಿನ ಕೀಲಿಯನ್ನೂ ಅಕ್ಕನ ಕೈಗೆ ಕೊಟ್ಟಳು.

ಅವ್ವ ಹೇಳಿದ್ದು ಖರೇ ಮಾಡಬೇಕೆಂದೇ ಏನೋ, ಮರುದಿನ ಸಂಜೆ ಅಕ್ಕ ಅಯ್ಯನವರಲ್ಲಿಗೆ ಹೋದಾಗ ಅವಳು ಗೋಡೆಯ ಗೂಡಿನಲ್ಲಿಟ್ಟಿದ್ದ ಕೀಲಿ ತೆಗೆದುಕೊಂಡೆ. ಮೊದಲ ದಿನ ನಾಲ್ಕು ಕಾಳು. ಹಲ್ಲಿಗೆ ಅಂಟುವ ಆ ಸಿಹಿ, ನಡುವೆ ಬೀಜದ ಕಹಿ. ಎರಡನೆಯ ದಿನ ಒಂದು ಹಿಡಿ. ಆಮೇಲೆ ಅಕ್ಕ ಅತ್ತ ಹೋದ ಕೂಡಲೇ ನಾನು ಇತ್ತ ಟ್ರಂಕಿನ ಮುಂದೆ. ತಿಂದು ಬಾಯಿ ತೊಳೆದು, ಅವಳು ಬಂದಾಗ ಅವಳೆದುರೇ ಕುಳಿತು ಆಜ್ಞೆಗಳನ್ನು ಕೇಳುತ್ತಿದ್ದೆ. ಕದಿಯಬಾರದು ಎಂಬುದನ್ನು ನಾನು ಕಲಿತದ್ದೂ ಹಾಗೆಯೇ, ಅವಳ ಬಾಯಿಂದ.

ಬೆಲ್ಲದ ವಾರಕ್ಕೆ ಮುಂಚೆ, ಬೇರೇನಕ್ಕೋ ಅವ್ವ ಟ್ರಂಕು ತೆಗೆದ ದಿನ ಡಬ್ಬಿ ಅರ್ಧಕ್ಕಿಂತ ಕೆಳಗಿತ್ತು. ಅವಳು ಕೂಗಾಡಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ನಾನು ತಲೆ ಅಲ್ಲಾಡಿಸಿ, ಕೀಲಿ ಅಕ್ಕನ ಹತ್ತಿರವೇ ಇತ್ತಲ್ಲ ಎಂದೆ. ಅವ್ವ ಅಕ್ಕನನ್ನು ಎದುರಿಗೆ ಕೂರಿಸಿಕೊಂಡಳು.

"ತಿಂದಿದ್ದರ ಹೇಳು ಮಾರ್ಥಾ. ಸುಳ್ಳು ಇಟ್ಟುಕೊಂಡು ಕರ್ತನ ಮುಂದ ಮೊಣಕಾಲು ಊರಬ್ಯಾಡ."

ಅಕ್ಕ ತಕ್ಷಣ ಇಲ್ಲ ಎನ್ನಲಿಲ್ಲ. ಯೋಚಿಸಿದಳು. ಆ ವಾರಗಳಲ್ಲಿ ಅವಳು ಕಲಿಯುತ್ತಿದ್ದುದೇ ಅದು, ಒಳಗೆ ಹುಡುಕಿ ನೋಡುವುದು. "ಒಂದು ತಿಂದೀನಿ ಅವ್ವಾ. ಆರಿಸೋವಾಗ ನೆಲಕ್ಕ ಬಿದ್ದಿತ್ತು" ಎಂದಳು.

"ಒಂದು ತಿಂದ ಬಾಯಿ ಒಂದಕ್ಕ ನಿಲ್ತದೇನು?"

ಅವ್ವ ಡಬ್ಬಿಯನ್ನು ಒಳಗಿಟ್ಟು ಕೀಲಿಯನ್ನು ತನ್ನ ಸೆರಗಿಗೆ ಕಟ್ಟಿಕೊಂಡಳು. ನಾನು ಅಲ್ಲೇ ಬಾಗಿಲ ಹತ್ತಿರ ತೊಗರಿಕಾಯಿ ಸುಲಿಯುತ್ತ ಕುಳಿತಿದ್ದೆ.

ಇಷ್ಟೇ ಆಗಿದ್ದರೆ ಹತ್ತು ವರ್ಷದವಳ ಅಂಜಿಕೆ ಎಂದು ನಾನೇ ನನ್ನನ್ನು ಬಿಟ್ಟುಬಿಡುತ್ತಿದ್ದೆನೋ ಏನೋ. ಮರುದಿನ ಬೆಳಿಗ್ಗೆ ಬಾವಿಗೆ ಹೋಗುವ ದಾರಿಯಲ್ಲಿ ಅಕ್ಕ ಕೊಡ ಕೆಳಗಿಟ್ಟು ನನ್ನನ್ನು ಕೇಳಿದಳು.

"ಸುನಿ, ಬ್ಯಾಸಿಗಿಯಾಗ ನಾ ನಿದ್ದಿಗಣ್ಣಾಗ ಎದ್ದು ಅಂಗಳಕ್ಕ ಹೋಗಿದ್ದೆ ಅಂತ ಅವ್ವ ಹೇಳ್ತಾಳಲ್ಲ. ಹಂಗೇ ಎದ್ದು ತಿಂದಿರಬಹುದೇನು ನಾನು?"

ಅವಳು ನನ್ನ ಮೇಲೆ ಅನುಮಾನ ಪಡಲಿಲ್ಲ. ತನ್ನ ಮೇಲೆ ಪಟ್ಟಳು. ಇಲ್ಲ ಎಂದು ಒಂದು ಮಾತು ನಾನು ಹೇಳಬಹುದಿತ್ತು. ನನ್ನ ಹೆಸರು ಹೇಳದೆಯೂ ಅದನ್ನು ಹೇಳಬಹುದಿತ್ತು.

"ಇರಬಹುದು. ಒಂದಿನ ಟ್ರಂಕಿನ ಸಪ್ಪಳ ಕೇಳಿದಂಗ ಆಗಿತ್ತು ನಂಗ" ಎಂದೆ.

ಅಕ್ಕ ನಿಂತಲ್ಲೇ ತಲೆಯಾಡಿಸಿ ಕೊಡ ಎತ್ತಿಕೊಂಡಳು. ಅಂದಿನಿಂದ ಮಲಗುವಾಗ ಹಳೆಯ ಸೀರೆಯ ಅಂಚಿನಿಂದ ತನ್ನ ಕಾಲನ್ನು ಬೀಸುವ ಕಲ್ಲಿಗೆ ಕಟ್ಟಿಕೊಳ್ಳತೊಡಗಿದಳು.

ಬೆಲ್ಲದ ವಾರ ಬಂತು. ಅಕ್ಕ ಅವ್ವನ ಕೈಗೆ ಬೆಲ್ಲ ಇಟ್ಟು, ನೆನಪಿಲ್ಲದೆ ತಿಂದೆ, ತಪ್ಪಾಯಿತು ಎಂದಳು. ಅವ್ವ ಬೆಲ್ಲ ಮುರಿದು ತಿಂದಳು, ಆದರೆ "ನೆನಪಿಲ್ಲದೆ" ಎಂಬ ಮಾತಿಗೆ ಅವಳ ಹುಬ್ಬು ಗಂಟಾದದ್ದನ್ನು ನಾನು ಕಂಡೆ. ನಾನಾದರೋ ಆ ವಾರ ಗಲ್ಲಿಗೇ ಹೆಚ್ಚು ಬೆಲ್ಲ ಹಂಚಿದವಳು. ಆಟದಲ್ಲಿ ಮೋಸ ಮಾಡಿದ್ದಕ್ಕೆ ಗೆಳತಿಗೆ, ಕಸ ಅವರ ಬಾಗಿಲಿಗೆ ತಳ್ಳಿದ್ದಕ್ಕೆ ಪಕ್ಕದ ಮನೆಯ ಅಜ್ಜಿಗೆ, ಪೇರಲಹಣ್ಣು ಕಿತ್ತಿದ್ದಕ್ಕೆ ಹಿಂದಿನ ಓಣಿಯ ಮುಸ್ಲಿಂ ಮನೆಯ ಖಾಲಾಗೆ. ನಮ್ಮ ಪದ್ಧತಿ ತಿಳಿದಿದ್ದ ಖಾಲಾ ನಕ್ಕು ಬೆಲ್ಲ ಮುರಿದಳು. "ಅರೆ ಬೇಟಿ, ನೀ ಕಿತ್ತಿದ್ದು ಗೊತ್ತಿತ್ತು ನಂಗ. ಹುಳಾ ಇದ್ದ ಗಿಡಕ್ಕೇ ಹತ್ತಿದ್ದಿ." ಎಲ್ಲರೂ ಕ್ಷಮಿಸಿದರು. ಅಷ್ಟು ಮನೆಗಳ ಕ್ಷಮೆ ಕೂಡಿಸಿದರೆ ನಮ್ಮ ಮನೆಯದೂ ಅದರೊಳಗೆ ಬಂದೀತು ಎಂದು ನನ್ನ ಎಣಿಕೆ ಇತ್ತು. ಬೆಲ್ಲ ತಿಂದು ತಿಂದು ಹೊಟ್ಟೆ ಕೆಟ್ಟಿತು, ಅಷ್ಟೇ.

ಹಬ್ಬದ ಹಿಂದಿನ ದಿನ ಅಕ್ಕ ತಾನಾಗಿ ಅಯ್ಯನವರಲ್ಲಿಗೆ ಹೋಗಿ, ನನ್ನ ಮನಸ್ಸು ನನಗೇ ಗೊತ್ತಾಗುತ್ತಿಲ್ಲ, ಈ ಸಲ ಬೇಡ ಎಂದು ಹೇಳಿ ಬಂದಳು. ಅಯ್ಯನವರು ಎಷ್ಟು ಹೇಳಿದರೂ ಒಪ್ಪಲಿಲ್ಲವಂತೆ. ಕ್ರಿಸ್ಮಸ್ ಬೆಳಿಗ್ಗೆ ಅವಳ ಜೊತೆ ಕಲಿತ ಹುಡುಗಿಯರು ಬಿಳಿ ಬಟ್ಟೆಯಲ್ಲಿ ಮುಂದೆ ಹೋಗಿ ಮೊಣಕಾಲೂರಿದರು. ಅಕ್ಕ ಜಮಖಾನೆಯ ಮೇಲೆ ನನ್ನ ಪಕ್ಕ ಕುಳಿತು, ಅವರಲ್ಲಿ ಒಬ್ಬಳು ತಡವರಿಸಿದ ಮಾತನ್ನು ತುಟಿಯಲ್ಲೇ ಹೇಳಿಕೊಡುತ್ತಿದ್ದಳು.

ಮರುವರ್ಷ ಅವಳ ದೃಢೀಕರಣವಾಯಿತು. ಆಮೇಲೆ ಮದುವೆಯಾಗಿ ಔರಾದಕ್ಕೆ ಹೋದಳು. ನಾನು ಬೀದರಿಗೆ ಬಂದೆ, ಈಗ ಇಲ್ಲೇ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಅವ್ವ ತೀರಿಕೊಂಡು ವರ್ಷಗಳಾದವು. ಕೊನೆಯ ತನಕ ಅವಳು ಅಕ್ಕನ ಮೇಲೆ ಪ್ರೀತಿ ಕಡಿಮೆ ಮಾಡಲಿಲ್ಲ, ಆದರೆ ಕೀಲಿಯನ್ನು ಮತ್ತೆ ಕೊಡಲೂ ಇಲ್ಲ.

ಹೋದ ವರ್ಷ ಅಕ್ಕನ ಮೊಮ್ಮಗಳ ದೀಕ್ಷಾಸ್ನಾನಕ್ಕೆ ಹೋಗಿ ಅವಳ ಮನೆಯಲ್ಲಿ ಉಳಿದಿದ್ದೆ. ಸೊಸೆಯ ಓಲೆ ಕಾಣುತ್ತಿಲ್ಲವೆಂದು ಎಲ್ಲರೂ ಹುಡುಕುತ್ತಿದ್ದರು. ಅಕ್ಕ ಮೆಲ್ಲಗೆ, ನಾನೇ ಗೊತ್ತಿಲ್ಲದೆ ಎಲ್ಲಾದರೂ ಇಟ್ಟಿರಬೇಕು ಎಂದಳು. ಓಲೆ ದಿಂಬಿನ ಗೌಸಿನಲ್ಲೇ ಸಿಕ್ಕಿತು. ಸೊಸೆ ನಗುತ್ತ ನನಗೆ ಹೇಳಿದಳು, "ಅತ್ತೀದು ಯಾವಾಗಲೂ ಹಿಂಗೇರಿ. ಏನು ಕಳದ್ರೂ ನಾನೇ ಅಂತಾರ. ಇವತ್ತಿಗೂ ಸೆರಗು ಮಂಚದ ಕಾಲಿಗಿ ಕಟ್ಟಿಕೊಂಡೇ ಮಲಗ್ತಾರ."

ಅಂದು ಹೇಳದೆಯೇ ಬೀದರಿಗೆ ಮರಳಿದೆ. ಅದೇ ವರ್ಷ ಆಗಮನ ಕಾಲದ ಮೂರನೆಯ ವಾರ, ರಜೆ ಕೇಳಿ ಮತ್ತೆ ಔರಾದದ ಬಸ್ ಹತ್ತಿದೆ. ಅಕ್ಕ ಒಬ್ಬಳೇ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಳು. ಎಲ್ಲವನ್ನೂ ಹೇಳಿದೆ. ಕೀಲಿ, ಡಬ್ಬಿ, ಬಾವಿಯ ದಾರಿಯಲ್ಲಿ ಆಡಿದ ಮಾತು.

ಅವಳು ಕೇಳಿದಳು, "ಸಪ್ಪಳ ಕೇಳಿದ್ದೆ ಅಂದಿದ್ದ್ಯಲ್ಲ, ಅದೂ ಇಲ್ಲೇನು?"

"ಇಲ್ಲಕ್ಕ."

"ಹಂಗಾರ ನಾ ತಿಂದಿದ್ದು ಒಂದೇ."

"ಒಂದೇ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಅವ್ವ ಇದ್ದಾಗ ಹೇಳಬೇಕಿತ್ತು ಸುನಿ" ಎಂದಳು. ಆಮೇಲೆ, ಕ್ಷಮಿಸಿದ್ದೇನೆ, ಆದರೆ ಇವತ್ತು ಹೆಚ್ಚು ಮಾತಾಡಿಸಬೇಡ ಎಂದು ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು.

ಈಗ ಭಾಲ್ಕಿಯ ಆ ಗಲ್ಲಿಯಲ್ಲಿ ನಮ್ಮವರು ಬಹಳ ಮಂದಿ ಉಳಿದಿಲ್ಲ. ಬೆಲ್ಲದ ಪದ್ಧತಿ ನಿಂತಿದೆ, ಫೋನಿನಲ್ಲಿ ಹಬ್ಬದ ಚಿತ್ರ ಕಳಿಸಿದರೆ ಆಯಿತು. ರಸವೂ ಬಾಟಲಿಯಲ್ಲಿ ಬರುತ್ತದೆ. ಹೋದದ್ದರ ಲೆಕ್ಕಕ್ಕೆ ಕುಳಿತರೆ ನನಗೆ ಇವು ಯಾವುವೂ ದೊಡ್ಡವಲ್ಲ. ಆ ವರ್ಷ ನಮ್ಮ ಗಲ್ಲಿಯಲ್ಲಿ ಎಲ್ಲರೂ ಹೃದಯ ಸಿದ್ಧ ಮಾಡಿಕೊಳ್ಳಲು ಹೆಣಗುತ್ತಿದ್ದಾಗ, ಒಬ್ಬ ಹುಡುಗಿಯದು ನಿಜಕ್ಕೂ ಸಿದ್ಧವಾಗಿತ್ತು. ಅದು ಸಿದ್ಧವಿಲ್ಲ ಎಂದು ಅವಳನ್ನು ನಂಬಿಸಿದ್ದು ನಾನು.