ತಾಂಬೂಲ ಚಿಪ್ಸ್

ಸುಳ್ಳು ಹೇಳುವುದು ಪಾಪ ಎಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿಸಿದರು. ಯಾರ ಮನೆಯಲ್ಲಿ ಏನು ಕೊಟ್ಟರೂ ತಿಂದು "ವೆರಿ ನೈಸ್" ಎನ್ನಬೇಕೆಂದೂ ಅದೇ ಹತ್ತು ವರ್ಷ ಕಲಿಸಿದರು. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ ಎಂದು ಯಾವ ಸಿಸ್ಟರನ್ನೂ ನಾನು ಕೇಳಲಿಲ್ಲ. ಕೇಳುವುದು ಬ್ಯಾಡ್ ಮ್ಯಾನರ್ಸ್ ಎನ್ನುವುದು ಮೂರನೆಯ ಪಾಠವಾಗಿತ್ತು. ಹೀಗೆ ತರಬೇತಾಗಿ ಬಂದ ನಾನು ಬದುಕಿನಲ್ಲಿ ಹೇಳಿದ ಸುಳ್ಳುಗಳಲ್ಲಿ ಅತ್ಯಂತ ಅಪಾಯದ್ದು ಒಂದು ಆಲೂಗಡ್ಡೆ ಚಿಪ್ಸಿನ ಬಗ್ಗೆ.

ಚಿಪ್ಸಿನ ಮೇಲೆ ನನಗೆ ಮೊದಲಿನಿಂದಲೂ ಅಷ್ಟೇನೂ ಗೌರವವಿಲ್ಲ. ಮಂಡಕ್ಕಿಯ ವಿಷಯ ಬೇರೆ. ಅದರ ಜೊತೆಗೆ ಮೆಣಸಿನಕಾಯಿ ಇರುತ್ತದೆ, ಕಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ, ಎದುರಿಗೆ ಕೂತವರು ನಗುತ್ತಾರೆ. ಅದೊಂದು ಸಂಬಂಧ. ಚಿಪ್ಸಿಗೆ ಸದ್ದು ಮಾತ್ರ ಇದೆ, ಹೇಳುವುದಕ್ಕೆ ಏನೂ ಇಲ್ಲ. ಅದಕ್ಕೇ ಇರಬೇಕು, ಕಂಡವರೆಲ್ಲ ಅದಕ್ಕೆ ಏನಾದರೊಂದು ಬಳಿಯಲು ಹೊರಡುವುದು. ಈಗಿನ ದೊಡ್ಡ ಅಂಗಡಿಗಳಲ್ಲಿ ಚಿತ್ರವಿಚಿತ್ರ ಫ್ಲೇವರಿನ ಪ್ಯಾಕೆಟ್ಟು ಕಂಡು ಬೆರಗಾಗುವವರನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ. ಇವರು ಚನ್ನಗಿರಿಯ ನಮ್ಮ ಸಾವ್ಕಾರರನ್ನು ಕಂಡಿಲ್ಲ.

ಎಂಬತ್ತಮೂರೋ ಎಂಬತ್ತನಾಲ್ಕೋ ಇರಬೇಕು. ಹೊನ್ನಾಳಿಯಲ್ಲಿ ನಮ್ಮ ಮನೆ. ನನ್ನ ನಾದಿನಿ ಶಾಂತಾ (ಅವಳು ಈಗಿಲ್ಲ; ಈ ಹೆಸರು ಬರೆಯುವಾಗ ಪೆನ್ನು ಒಂದು ಕ್ಷಣ ನಿಲ್ಲುತ್ತದೆ) ನ್ಯಾಮತಿಯ ಪ್ರೈಮರಿ ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಸವಳಂಗದ ಬಸ್ಸು ಹತ್ತಿ ಹೋಗುವಳು, ಸಂಜೆ ಸೆರಗಿನ ತುಂಬ ಸೀಮೆಸುಣ್ಣ ಹೊತ್ತು ಬರುವಳು. ಅವಳನ್ನು ನೋಡಲು ಚನ್ನಗಿರಿಯಿಂದ ಸಾವ್ಕಾರ್ ಗುರುಬಸಪ್ಪನವರು ಮಗನನ್ನು ಕರೆದುಕೊಂಡು ಬರುತ್ತಾರೆ ಎಂದಾಯಿತು. ಅಡಿಕೆ ವ್ಯಾಪಾರ, ಜೊತೆಗೆ ದೊಡ್ಡ ಕಿರಾಣಿ ಅಂಗಡಿ. ಸೊಸೆ ಬಂದವಳು ಶಾಲೆ ಬಿಟ್ಟು ಗಲ್ಲಾದ ಮೇಲೆ ಕೂತರೆ ಚೆಂದ ಎಂದು ಅವರು ಯಾರ ಬಳಿಯೋ ಅಂದದ್ದು ನಮ್ಮ ಕಿವಿಗೂ ಬಿದ್ದಿತ್ತು.

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಶಾಂತಾ ಹೇಳಿದಳು: "ಅತ್ತಿಗೆ, ಹುಡುಗನ ಹತ್ರ ಎರಡು ಮಾತಾಡಿ ಆಮೇಲೆ ಹೇಳ್ತೀನಿ. ಅಲ್ಲೀತನಕ ಮನೇಲಿ ಯಾರೂ ಹೂಂ ಅನ್ನಬಾರ್ದು."

"ಪ್ರಾಮಿಸ್" ಎಂದೆ.

ನಮ್ಮ ಕಡೆ ಸಂಬಂಧಕ್ಕೆ ಒಪ್ಪಿಗೆ ಎನ್ನುವುದು ಬರೀ ಬಾಯಿಮಾತಲ್ಲ. ಎರಡು ಮನೆಯವರು ಎಲೆ ಅಡಿಕೆ ಕೊಟ್ಟು ತೆಗೆದುಕೊಂಡರೆ ಒಪ್ಪಿಗೆ. ಅದಕ್ಕೆ ಮುಂಚೆ ಎಷ್ಟು ಉಪ್ಪಿಟ್ಟು, ಎಷ್ಟು ಕೇಸರಿಬಾತು ತಿಂದರೂ ಯಾರೂ ಕೇಳುವುದಿಲ್ಲ. ಎಲೆ ಅಡಿಕೆ ಹಿಡಿದ ಮೇಲೆ ಹಿಂದೆ ಸರಿದರೆ ನಾಲ್ಕು ಊರು ಕೇಳುತ್ತದೆ.

ಸಾವ್ಕಾರರು ಬಂದರು, ಕೂತರು, ಮೆಣಸಿನಕಾಯಿ ಬಜ್ಜಿ ತಿಂದರು. ಆಮೇಲೆ ಚೀಲದಿಂದ ಒಂದು ಪ್ಯಾಕೆಟ್ಟು ತೆಗೆದರು. ಮೇಣದಬತ್ತಿಯಲ್ಲಿ ಬಾಯಿ ಸುಟ್ಟು ಮುಚ್ಚಿದ ಪ್ಲಾಸ್ಟಿಕ್ ಕವರು. ಒಳಗೆ ಅಂಗಡಿಯ ಹೆಸರಿನ ಚೀಟಿ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ "ತಾಂಬೂಲ ಚಿಪ್ಸ್". ತಮ್ಮ ಅಂಗಡಿಯದೇ ಸಾಂಬಾರ್ ಪುಡಿ, ತಮ್ಮ ಅಂಗಡಿಯದೇ ಊದುಬತ್ತಿ ಆದ ಮೇಲೆ ಅವರ ತಲೆ ಇತ್ತ ಓಡಿತ್ತು.

"ಎಲ್ರೂ ಖಾರ ಹಾಕ್ತಾರೆ, ಅದ್ರಾಗೇನೈತೆ? ಇದ್ರಾಗೆ ಒಣಗಿಸಿದ ಎಲೆ ಪುಡಿ ಐತೆ, ಅಡಿಕೆ ಪುಡಿ ಐತೆ, ಲವಂಗ, ಪಚ್ಚಕರ್ಪೂರ ಎಲ್ಲಾ ಐತೆ" ಎಂದು ಪ್ಯಾಕೆಟ್ಟು ಹರಿದು ನನ್ನ ಮುಂದೆ ಹಿಡಿದರು. "ತಗಳ್ರೀ ಅಕ್ಕಾರೆ. ನೀವು ಇಂಗ್ಲಿಷ್ ಓದಿದೋರು. ನಿಮ್ಮ ಬಾಯಿಗೆ ಹೆಂಗೈತೆ ಹೇಳ್ರಿ."

ಒಂದು ತೆಗೆದುಕೊಂಡೆ. ಅದರ ಮೇಲೆ ಪಾಚಿಯಂಥ ಹಸಿರು. ಬಾಯಿಗೆ ಹಾಕಿದ ಕೂಡಲೇ ಮೊದಲು ಹಲ್ಲುಪುಡಿ, ಹಿಂದೆಯೇ ದೇವರ ಕೋಣೆ, ಅದರ ಹಿಂದೆ ಉಪ್ಪು. ಅಡಿಕೆ ನಾಲಿಗೆಯನ್ನು ಹಿಡಿದು ಎಳೆಯಿತು, ಕರ್ಪೂರ ಮೂಗಿನವರೆಗೆ ಏರಿತು. ಪಾಪ, ಆಲೂಗಡ್ಡೆ ಎಲ್ಲೋ ಮೂಲೆಯಲ್ಲಿ, ಈ ಮನೆಗೆ ನಾನು ಹೇಗೆ ಬಂದೆ ಎಂಬಂತೆ ಮೆತ್ತಗೆ ಕೂತಿತ್ತು. ಉಗಿಯಬೇಕು. ಆದರೆ ಹತ್ತು ವರ್ಷದ ಟೇಬಲ್ ಮ್ಯಾನರ್ಸ್ ಗಂಟಲಲ್ಲಿ ಕಾವಲು ನಿಂತಿದೆ. ನುಂಗಿದೆ, ಮುಗುಳ್ನಕ್ಕೆ, "ವೆರಿ ನೈಸ್, ಚೆನ್ನಾಗಿದೆ" ಎಂದೆ.

ಸಾವ್ಕಾರರು ತೊಡೆ ತಟ್ಟಿಕೊಂಡು ನನ್ನ ಅತ್ತೆಯ ಕಡೆ ತಿರುಗಿದರು. "ಕೇಳಿದ್ರಾ ಅಮ್ಮಾರೆ? ನಮ್ಮ ಎಲೆ, ನಮ್ಮ ಅಡಿಕೆ ನಿಮ್ಮ ಸೊಸೆ ಬಾಯಿಗೆ ಬಿದ್ದಾತು. ಚೆನ್ನಾಗೈತೆ ಅಂದೂ ಆತು. ಇನ್ನ ತಟ್ಟೇಲಿಟ್ಟು ಬೇರೆ ಕೊಡಾಕೆ ಏನೈತೆ? ಮಾತು ಮುಗೀತು ಅಂತ ತಿಳ್ಕಳ್ರಿ."

ನಗುತ್ತಲೇ ಹೇಳಿದರು, ಆದರೆ ತಮಾಷೆಗೆ ಹೇಳಿದ್ದಲ್ಲ. ಅತ್ತೆ ಬಿಡಲಿಲ್ಲ. "ಸಾವ್ಕಾರ್ರೆ, ಎಲೆ ಅಡಿಕೆ ಕೈಗೆ ಕೊಡ್ತಾರೆ. ಪ್ಲಾಸ್ಟಿಕ್ ಕೊಟ್ಟೆಯಿಂದ ತೆಗೆದು ಬಾಯಿಗಿಡೋ ಶಾಸ್ತ್ರ ನಾನು ಎಲ್ಲೂ ಕಂಡಿಲ್ಲ."

"ಕಾಲ ಬದಲಾಗೈತ್ರೀ ಅಮ್ಮಾರೆ. ಹಿರಿಸೊಸೆ ಒಪ್ಪಿದ ಮೇಲೆ ಇನ್ನ ಯಾರು ಒಪ್ಪಬೇಕು?"

ನಮ್ಮ ಯಜಮಾನರು ತೊಲೆ ನೋಡುತ್ತಿದ್ದರು. ಕಷ್ಟಕಾಲದಲ್ಲಿ ಅವರು ಸದಾ ನೋಡುತ್ತಿದ್ದದ್ದು ಅದನ್ನೇ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶಾಂತಾ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸಾವ್ಕಾರ್ರೆ, ನಾನು ಸುಳ್ಳು ಹೇಳಿದೆ" ಎಂದೆ. "ಚಿಪ್ಸ್ ಚೆನ್ನಾಗಿಲ್ಲ. ತುಂಬಾ ಕೆಟ್ಟದಾಗಿದೆ."

ಇನ್ನೊಬ್ಬರು ಕೊಟ್ಟ ತಿಂಡಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. ಸಾವ್ಕಾರರು ಪ್ಯಾಕೆಟ್ಟನ್ನು ಮಡಿಲಿಗೆ ಎಳೆದುಕೊಂಡರು. "ನಾಕು ತಿಂಗ್ಳಿಂದ ಮಾಡ್ತಾ ಇದೀನಿ. ಜಗಳೂರುತನಕ ಕಳ್ಸೀನಿ. ಅಂಗ್ಡಿಗೆ ಬಂದೋರಿಗೆಲ್ಲಾ ಒಂದೊಂದು ಕೊಟ್ಟು ಕೇಳೀನಿ. ಕೆಟ್ಟದಾಗೈತೆ ಅಂತ ಒಬ್ರೂ ಅಂದಿಲ್ಲ."

ಆಗ ನನಗೆ ಅರ್ಥವಾಯಿತು. ನಯವಂತಿಕೆ ಕಲಿಯಲು ಕಾನ್ವೆಂಟಿಗೇ ಹೋಗಬೇಕೆಂದಿಲ್ಲ. ಪುಕ್ಕಟೆ ಕೊಟ್ಟದ್ದಕ್ಕೆ ಹೆಸರಿಡಬಾರದೆಂದು ಚನ್ನಗಿರಿಯಿಂದ ಜಗಳೂರಿನವರೆಗೆ ಸಕಲರೂ ನುಂಗಿದ್ದಾರೆ, ನಕ್ಕಿದ್ದಾರೆ, ಅಂಗಡಿಯಿಂದ ನಾಲ್ಕು ಹೆಜ್ಜೆ ದಾಟಿ ಉಗಿದಿದ್ದಾರೆ. ಆ ಚಿಪ್ಸನ್ನು ಕರಿದದ್ದು ಸಾವ್ಕಾರರಾದರೂ ಸಾಕಿ ಬೆಳೆಸಿದ್ದು ನಾವೆಲ್ಲ ಸೇರಿ.

ಶಾಂತಾ ನಡುಮನೆಗೆ ಬಂದು ಹುಡುಗನ ಮುಂದೆಯೇ ನಿಂತಳು. "ನಿಮಗೆ ಹೆಂಗನ್ನಿಸ್ತೈತ್ರೀ ಈ ಚಿಪ್ಸು?"

ಹುಡುಗ ತಂದೆಯ ಮುಖ ನೋಡಿದ. "ಅಪ್ಪಾಜಿ ಮಾಡ್ಸಿದ್ದು. ಚೆನ್ನಾಗೇ ಐತೆ."

"ದಿನಾ ತಿಂತೀರಾ?"

"ಇಲ್ಲ. ನನಗೆ ಕರಿದಿದ್ದು ಆಗಲ್ಲ."

ಅವನ ಕೈಯಲ್ಲಿದ್ದದ್ದು ನಾಲ್ಕನೆಯ ಬಜ್ಜಿ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಶಾಂತಾ ನಗಲಿಲ್ಲ. "ಅಪ್ಪಾಜಿ ಮುಂದೆ ಒಂದು ಚಿಪ್ಸ್ ಚೆನ್ನಾಗಿಲ್ಲ ಅನ್ನಾಕೆ ಬರಲ್ಲ ನಿಮಗೆ. ನಾಳೆ ಅವರು ನನ್ನ ಕೆಲಸ ಬಿಡ್ಸು ಅಂದ್ರೆ ಬ್ಯಾಡ ಅಂತೀರೇನು?"

ಹುಡುಗ ಬಜ್ಜಿಯನ್ನು ತಟ್ಟೆಯಲ್ಲಿಟ್ಟ. ಮತ್ತೆ ತಂದೆಯ ಮುಖವನ್ನೇ ನೋಡಿದ. ಅತ್ತೆ ತಟ್ಟೆಯಲ್ಲಿ ಜೋಡಿಸಿದ್ದ ನಿಜವಾದ ಎಲೆ ಅಡಿಕೆ ದೇವರ ಮುಂದೆಯೇ ಉಳಿಯಿತು.

ಚಪ್ಪಲಿ ಮೆಟ್ಟುವಾಗ ಸಾವ್ಕಾರರು ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೇನೋ ಅಂದುಕೊಂಡೆ. ದನಿ ತಗ್ಗಿಸಿ ಕೇಳಿದರು: "ಏನು ಜಾಸ್ತಿ ಆಗೈತೆ ಅಕ್ಕಾರೆ? ಕರ್ಪೂರಾನಾ?"

"ಕರ್ಪೂರ, ಎಲೆ, ಅಡಿಕೆ, ಲವಂಗ. ಆಲೂಗಡ್ಡೆ ಪರವಾಗಿಲ್ಲ."

ತಲೆಯಾಡಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಚೀಲವನ್ನು ಮಗ ಹೊತ್ತುಕೊಂಡಿದ್ದ.

ಆ ಸಂಜೆ ಹಿತ್ತಲಲ್ಲಿ ನಾನೂ ಶಾಂತಾಳೂ ಪಾತ್ರೆ ತೊಳೆಯುತ್ತಿದ್ದೆವು. ನಿಜ ಹೇಳಿದ ಹೊಸ ಹುಮ್ಮಸ್ಸು ನನ್ನ ತಲೆಗೇರಿತ್ತು. ಮದುವೆಯಾಗಿ ಬಂದಾಗಿನಿಂದ ಪ್ರತಿ ಭಾನುವಾರ ನಾನು ವೆಜಿಟೆಬಲ್ ಸ್ಟ್ಯೂ ಮಾಡುತ್ತಿದ್ದೆ. ಸಿಸ್ಟರ್ ಒಬ್ಬರು ಹೇಳಿಕೊಟ್ಟದ್ದು: ಬಿಳಿ ಸಾಸು, ಕ್ಯಾರೆಟ್ಟು, ಚಿಟಿಕೆ ಮೆಣಸಿನ ಪುಡಿ. ಇಡೀ ಮನೆ ಸದ್ದಿಲ್ಲದೆ ತಿಂದು "ಚೆನ್ನಾಗೈತೆ" ಎನ್ನುತ್ತಿತ್ತು.

"ಶಾಂತಾ, ನನ್ನ ಸ್ಟ್ಯೂ ಹೇಗಿರುತ್ತೆ?" ಎಂದು ಕೇಳಿಯೇಬಿಟ್ಟೆ.

ಅವಳು ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದಳು. "ನಿಜ ಹೇಳ್ಲಾ ಅತ್ತಿಗೆ?"

ನಿಜ ದಿನಕ್ಕೆ ಒಬ್ಬರಿಗೆ ಸಾಕು, ನಾಳೆ ಹೇಳು ಎಂದೆ. ಮರುದಿನ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮುಂದಿನ ಭಾನುವಾರ ಸ್ಟ್ಯೂ ಮಾಡಲಿಲ್ಲ; ಅದರ ಮುಂದಿನ ಭಾನುವಾರವೂ ಇಲ್ಲ. ಯಾಕೆ ನಿಲ್ಲಿಸಿದೆ ಎಂದು ಆ ಮನೆಯಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ.