ಅಣ್ಣನ ವಿಮಾನದ ಕಾರ್ಡು

ನನ್ನಣ್ಣ ಸೋಫಾ ರಿಪೇರಿ ಮಾಡುವವನು. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುತ್ತಾನೆ, ಅದಕ್ಕೇ ಬೀದಿಯಲ್ಲಿ ಅವನಿಗೆ ಮೊಳೆಬಾಯಿ ಎಂದು ಹೆಸರು. ಕೆಲಸದಲ್ಲಿ ಬೊಟ್ಟು ಮಾಡಿ ತೋರಿಸುವ ಹಾಗಿಲ್ಲ. ಹಟಕ್ಕೆ ಬಿದ್ದರೆ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು ಅಕ್ಕ. ಮದುವೆಯಾಗಿ ಸಮುದ್ರದಾಚೆ ಹೋದವಳು ಫೋನು ಮಾಡಿದಾಗಲೆಲ್ಲ "ಯಾವಾಗ ಬರ್ತೀಯೋ?" ಎನ್ನುತ್ತಿದ್ದಳು. ಟಿಕೆಟ್ ತಾನೇ ಕಳಿಸುತ್ತೇನೆಂದರೆ ಇವನು ಒಪ್ಪಬೇಕಲ್ಲ! ಅಕ್ಕನ ಮನೆಗೆ ಅಕ್ಕನ ದುಡ್ಡಿನಲ್ಲೇ ಹೋಗುವುದು ಇವನ ಮರ್ಯಾದೆಗೆ ಕಡಿಮೆ.

ಆಗಲೇ ಬ್ಯಾಂಕಿನವನೊಬ್ಬ ಅಂಗಡಿಗೆ ಬಂದು ಎರಡು ಕ್ರೆಡಿಟ್ ಕಾರ್ಡುಗಳ ವಿಚಾರ ಹೇಳಿದ. ಒಂದರಲ್ಲಿ ಖರ್ಚು ಮಾಡಿದ್ದರಲ್ಲಿ ಸ್ವಲ್ಪ ದುಡ್ಡು ವಾಪಸ್ ಬರುತ್ತದೆ. ಇನ್ನೊಂದು ವಿಮಾನ ಕಂಪನಿಯದು. ಖರ್ಚು ಮಾಡಿದಂತೆಲ್ಲ ಪಾಯಿಂಟು ಕೂಡುತ್ತದೆ, ಸಾಕಷ್ಟು ಕೂಡಿದರೆ ಟಿಕೆಟ್ ಪುಕ್ಕಟೆ.

"ದುಡ್ಡು ಬರೋದೇ ತಗೊಳ್ರೀ. ದುಡ್ಡಿದ್ರೆ ಯಾವ ವಿಮಾನ ಆದ್ರೂ ಹತ್ತಬಹುದು," ಎಂದರು ಅತ್ತಿಗೆ.

"ಈ ಮನೇಲಿ ದುಡ್ಡು ಎಲ್ಲಿ ನಿಲ್ಲುತ್ತೆ? ನಲ್ಲಿ ಕೆಟ್ತು ಅಂತ ನೀನೇ ತೆಗೀತೀಯ. ಪಾಯಿಂಟಾದ್ರೆ ನಲ್ಲಿ ರಿಪೇರಿಗೆ ಆಗಲ್ಲ."

ಸುಳ್ಳಲ್ಲ, ಆ ಮನೆಯಲ್ಲಿ ದುಡ್ಡು ನಿಂತದ್ದನ್ನು ನಾನೂ ನೋಡಿಲ್ಲ. ವಿಮಾನದ ಕಾರ್ಡೇ ಬಂತು. ಸ್ಪಂಜು, ರೆಕ್ಸಿನ್, ಸ್ಪ್ರಿಂಗು ಎಲ್ಲವೂ ಅದರಲ್ಲೇ. ನಾನು ಫ್ರಿಜ್ ಕೊಳ್ಳಲು ಹೊರಟರೆ ಹಿಂದೆಯೇ ಓಡಿಬಂದು ತನ್ನ ಕಾರ್ಡು ಉಜ್ಜಿ, ನನ್ನಿಂದ ನಗದು ಇಸಕೊಂಡ. ಒಂದು ಟಿಕೆಟ್ಟಿಗಾಗುವಷ್ಟು ಕೂಡಿದ ದಿನ ಕೆಲಸ ಬಿಟ್ಟು ಅಕ್ಕನಿಗೆ ಫೋನು ಮಾಡಿದ.

"ಒಬ್ನೇ ಬಂದ್ರೆ ಒಳಗೆ ಸೇರಿಸಲ್ಲ. ಹೆಂಡ್ತೀನೂ ಕರ್ಕೊಂಡು ಬಾ," ಎಂದು ಅಕ್ಕ ನಕ್ಕಳು.

ಆ ತಮಾಷೆಯನ್ನು ಈ ಪುಣ್ಯಾತ್ಮ ಆಣೆಯಂತೆ ಹಿಡಿದುಕೊಂಡ. "ನೀವು ಹೋಗಿ ಬನ್ರೀ, ನನ್ನದು ಆಮೇಲೆ," ಎಂದು ಅತ್ತಿಗೆ ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಎರಡನೇ ಟಿಕೆಟ್ಟಿಗೆ ಕೂಡಿಸುತ್ತ ಕೂತ.

ಅಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಳು. ಅಣ್ಣ ವಿಮಾನ ಕಂಪನಿಗೆ ಫೋನು ಮಾಡಿದ. ಪಾಯಿಂಟಿನ ಸೀಟುಗಳು ಪ್ರತಿ ವಿಮಾನದಲ್ಲೂ ಕೆಲವೇ ಇರುತ್ತವಂತೆ, ಮೂರು ತಿಂಗಳವರೆಗೆ ಒಂದೂ ಖಾಲಿ ಇಲ್ಲವಂತೆ.

"ನಮ್ಮಕ್ಕ ಅಷ್ಟು ದಿನ ಇರಲ್ಲಮ್ಮ," ಎಂದು ಫೋನೆತ್ತಿದ ಹುಡುಗಿಯ ಹತ್ತಿರ ಅಂಗಲಾಚಿದ. ಅವಳಾದರೂ ಏನು ಮಾಡಿಯಾಳು? ಕಡೆಗೆ ಹಟ ಬಿಟ್ಟು, ಅಕ್ಕನ ಮಗ ಕಳಿಸುವ ಟಿಕೆಟ್ಟಿಗೆ ಹೂಂ ಎಂದ. ಟಿಕೆಟ್ ಬಂತು. ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಗ ಅಕ್ಕ ಹೋದ ಸುದ್ದಿಯೂ ಬಂತು. ವಿಮಾನಕ್ಕೆ ಇನ್ನೂ ಎರಡು ದಿನವಿತ್ತು, ಅಲ್ಲಿಯವರೆಗೆ ದೇಹ ಇಡಲಾಗದು ಎಂದರು ಅಕ್ಕನ ಮನೆಯವರು. ಅಕ್ಕನ ಮುಖವನ್ನು ನಾವು ಫೋನಿನಲ್ಲೇ ನೋಡಿದೆವು. ನನಗೆ ಅಣ್ಣನ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಆದರೆ ಅವನು ಅತ್ತದ್ದನ್ನು ನೋಡಿದ ಮೇಲೆ ಬಯ್ಯಲು ಬಾಯಿ ಬರಲಿಲ್ಲ.

ಮೊನ್ನೆ ಅಂಗಡಿಗೆ ಹೋಗಿದ್ದೆ. ಅತ್ತಿಗೆ ಅವನ ಫೋನು ಹಿಡಿದು ನಿಂತಿದ್ದರು. ಎರಡು ಟಿಕೆಟ್ಟಿಗಾಗುವಷ್ಟು ಪಾಯಿಂಟು ಕೂಡಿದೆ ಎಂದು ಕಂಪನಿಯಿಂದ ಮೆಸೇಜು ಬಂದಿತ್ತು.

"ಏನು ಮಾಡೋಣ್ರೀ ಇದನ್ನ?"

ಅಣ್ಣ ಕುರ್ಚಿಯೊಂದರ ಹಳೇ ಸ್ಪಂಜು ಕೀಳುತ್ತಲೇ ಇದ್ದ.

"ಎಲ್ಲಿಗೆ ಅಂತ ಹೋಗೋಣ, ನೀನೇ ಹೇಳು. ಅಷ್ಟು ದೂರಕ್ಕೆ ಬಾ ಬಾ ಅಂತ ಕರೀತಿದ್ದೋಳು ಅವಳೊಬ್ಳೇ ಅಲ್ವಾ?"